ಡಯೋರಾಮಾದಲ್ಲಿ ಕಣ್ಣಿನ ಜಾಗ: ಒಂದು ಅಧ್ಯಯನ ಟಿಪ್ಪಣಿ

ಕಲೆ, ಸಂಗ್ರಹಾಲಯ, ಗೇಮ್ ವಿನ್ಯಾಸ ಈ ಮೂರರಲ್ಲೂ ಡಯೋರಾಮಾ, ಅಂದರೆ ಒಂದು ದೃಶ್ಯವನ್ನು ಕಣ್ಣೆದುರೇ ಇರುವಂತೆ ಕಟ್ಟಿ ತೋರಿಸುವ ಏರ್ಪಾಡು, ಬರುತ್ತದೆ. ಆದರೆ ಓದುವಾಗ ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಅಧ್ಯಾಯಗಳಂತೆ ತೋರುತ್ತವೆ. ಅವನ್ನು ಒಂದೇ ದಾರದಲ್ಲಿ ಪೋಣಿಸುವ ಪ್ರಶ್ನೆ ನನ್ನ ಮಟ್ಟಿಗೆ ಇದು: ನೋಡುವವರ ಕಣ್ಣು ಎಲ್ಲಿರಬೇಕೆಂದು ಮಾಡಿದವರು ಗೊತ್ತುಪಡಿಸಿದ್ದಾರೆ, ಮತ್ತು ಅದು ಅಲ್ಲಿಂದ ಕದಲಿದರೆ ಏನಾಗುತ್ತದೆ?

1822ರಲ್ಲಿ ಚಿತ್ರಕಾರರಾದ ಡಾಗೇರ್ ಮತ್ತು ಬೂತೋನ್ ಪ್ಯಾರಿಸ್‌ನಲ್ಲಿ ತೆರೆದ ಡಯೋರಾಮಾ ಒಂದು ರಂಗಮಂದಿರವಾಗಿತ್ತು. ಬೃಹತ್ ಬಟ್ಟೆಯ ಮೇಲೆ ಬರೆದ ಚಿತ್ರಕ್ಕೆ ಮುಂದಿನಿಂದಲೂ ಹಿಂದಿನಿಂದಲೂ ಬೆಳಕು ಹಾಯಿಸಿ, ಆ ಬೆಳಕನ್ನು ಮೆಲ್ಲಗೆ ಬದಲಿಸಿ ಹೊತ್ತು ಕಳೆಯುವಂತೆ ತೋರಿಸುತ್ತಿದ್ದರು. ಒಂದು ಚಿತ್ರ ಮುಗಿದಾಗ ಪ್ರೇಕ್ಷಕರು ಏಳಬೇಕಿರಲಿಲ್ಲ, ಅವರಿದ್ದ ವೇದಿಕೆಯೇ ತಿರುಗಿ ಮುಂದಿನ ಚಿತ್ರದ ಎದುರು ನಿಲ್ಲುತ್ತಿತ್ತು. 1839ರಲ್ಲಿ ಆ ಕಟ್ಟಡ ಬೆಂಕಿಗೆ ಆಹುತಿಯಾಯಿತು.

ಸಂಗ್ರಹಾಲಯ: ಬಾಗಿದ ಗೋಡೆಯ ಸಮಸ್ಯೆ

ಸತ್ತ ಪ್ರಾಣಿಗಳ ಚರ್ಮದಿಂದ ಜೀವಂತವೆನಿಸುವ ಮಾದರಿ ಮಾಡುತ್ತಿದ್ದ ಕಾರ್ಲ್ ಏಕ್ಲಿ 1890ರಲ್ಲಿ ಅಮೆರಿಕದ ಮಿಲ್ವಾಕಿಯ ಸಂಗ್ರಹಾಲಯದಲ್ಲಿ ಮಸ್ಕ್‌ರ‍್ಯಾಟ್ ಎಂಬ ನೀರುವಾಸಿ ದಂಶಕಗಳನ್ನು ಅವುಗಳ ಗೂಡು, ಜೌಗು, ಹಿನ್ನೆಲೆಯ ಚಿತ್ರಗಳೊಡನೆ ಜೋಡಿಸಿದರು. ಅವರು ಕನಸು ಕಂಡ ಆಫ್ರಿಕಾ ಸಸ್ತನಿಗಳ ಸಭಾಂಗಣ ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ 28 ಡಯೋರಾಮಾಗಳೊಡನೆ ತೆರೆದದ್ದು 1936ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ. ಇತಿಹಾಸ ಇಷ್ಟು ಸಾಕು; ಹೆಚ್ಚು ಹೊತ್ತು ಬೇಡುವುದು ಹಿನ್ನೆಲೆಯ ಗೋಡೆ.

ಆ ಗೋಡೆಯನ್ನು ಅರ್ಧ ಸಿಲಿಂಡರಿನಂತೆ ಬಾಗಿಸುತ್ತಾರೆ, ಏಕೆಂದರೆ ಮೂಲೆಯೊಂದು ಕಂಡರೆ ಆಕಾಶ ಕೋಣೆಯಾಗಿಬಿಡುತ್ತದೆ. ಆದರೆ ಬಾಗಿದ ಗೋಡೆಯ ಮೇಲೆ ಚಪ್ಪಟೆ ಚಿತ್ರವನ್ನು ಹಾಗೆಯೇ ಇಳಿಸಿದರೆ ನೇರವಾಗಿರಬೇಕಾದ ನದಿಯ ದಡ ಬಿಲ್ಲಿನಂತೆ ಕಾಣುತ್ತದೆ. ಯಾಕೆ ಎಂಬುದನ್ನು ನಿಧಾನವಾಗಿ ಬಿಡಿಸೋಣ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಕಣ್ಣು ಸಿಲಿಂಡರಿನ ನಡುವೆ ಇದೆ ಎಂದುಕೊಳ್ಳಿ. ಹೊರಗಿನ ಯಾವುದೇ ಸರಳರೇಖೆಯನ್ನೂ ಕಣ್ಣನ್ನೂ ಸೇರಿಸಿದರೆ ಒಂದು ಸಮತಲ ಸಿಗುತ್ತದೆ, ಮತ್ತು ಆ ಸಮತಲ ಗೋಡೆಯನ್ನು ಕತ್ತರಿಸುವ ಜಾಡಿನಲ್ಲೇ ಆ ರೇಖೆಯನ್ನು ಬರೆಯಬೇಕು. ದಿಗಂತ ಕಣ್ಣಿನ ಮಟ್ಟದಲ್ಲೇ ಇರುವುದರಿಂದ ಅದರ ಸಮತಲ ಗೋಡೆಯನ್ನು ಅಡ್ಡಡ್ಡ ಕತ್ತರಿಸುತ್ತದೆ. ಗೋಡೆಯನ್ನು ಬಿಡಿಸಿ ಹಾಸಿದರೂ ಆ ಗೆರೆ ನೇರವಾಗಿಯೇ ಇರುತ್ತದೆ. ಮರದ ಕಾಂಡದಂಥ ಲಂಬರೇಖೆಗಳಿಗೂ ತೊಂದರೆಯಿಲ್ಲ. ಆದರೆ ಕಣ್ಣಿನ ಮಟ್ಟಕ್ಕಿಂತ ಕೆಳಗಿರುವ ನದಿಯ ದಡದ ಸಮತಲ ಓರೆಯಾಗಿ ಹಾಯುತ್ತದೆ, ಸೌತೆಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ಉದ್ದವಾಗುವಂತೆ ಗೋಡೆಯ ಮೇಲೆ ದೀರ್ಘವೃತ್ತದ ತುಂಡೊಂದು ಮೂಡುತ್ತದೆ, ಮತ್ತು ಬಿಡಿಸಿ ಹಾಸಿದಾಗ ಅದೇ ಸೈನ್ ಅಲೆಯ (ಒಂದೇ ಲಯದಲ್ಲಿ ಏರಿಳಿಯುವ ಗೆರೆಯ) ಭಾಗವಾಗುತ್ತದೆ. ಒಟ್ಟಿನಲ್ಲಿ, ನೇರವಾಗಿ ಕಾಣಬೇಕಾದರೆ ಬಾಗಿಸಿ ಬರೆಯಬೇಕು.

ಇಲ್ಲಿಗೆ ಮುಗಿಯುವುದಿಲ್ಲ, ಏಕೆಂದರೆ ನೋಡುವವರು ಸಿಲಿಂಡರಿನ ನಡುವೆ ನಿಲ್ಲುವುದಿಲ್ಲ. ಗಾಜಿನ ಹೊರಗೆ, ಕೇಂದ್ರಕ್ಕಿಂತ ಹಿಂದೆ ನಿಲ್ಲುತ್ತಾರೆ. ಲೆಕ್ಕಕ್ಕೆಂದು ಗೋಡೆಯ ತ್ರಿಜ್ಯ 2 ಮೀಟರ್, ಕಣ್ಣು ಕೇಂದ್ರದಿಂದ 1 ಮೀಟರ್ ಹಿಂದೆ ಎಂದಿಟ್ಟುಕೊಳ್ಳೋಣ. ನೇರ ಎದುರಿನ ಗೋಡೆ 3 ಮೀಟರ್ ದೂರದಲ್ಲಿದೆ. ಅರ್ಧವೃತ್ತ ಮುಗಿಯುವ ಅಂಚು 5ರ ವರ್ಗಮೂಲದಷ್ಟು, ಅಂದರೆ ಸುಮಾರು 2.24 ಮೀಟರ್ ದೂರದಲ್ಲಿದೆ. ಹಾಗಾಗಿ ದಿಗಂತದಿಂದ 10 ಡಿಗ್ರಿ ಮೇಲೆ ಕಾಣಬೇಕಾದ ಬೆಟ್ಟದ ನೆತ್ತಿಯನ್ನು ಮಧ್ಯದಲ್ಲಿ ಬರೆಯುವಾಗ ದಿಗಂತಕ್ಕಿಂತ ಸುಮಾರು 53 ಸೆಂ.ಮೀ. ಮೇಲೆ ಬರೆಯಬೇಕು, ಅಂಚಿನಲ್ಲಿ ಬರೆಯುವಾಗ ಸುಮಾರು 39 ಸೆಂ.ಮೀ. ಮೇಲೆ. ಅದೇ ಬೆಟ್ಟ, ಅದೇ ಕೋನ, ಗೋಡೆಯ ಮೇಲೆ ಮಾತ್ರ ಎರಡು ಅಳತೆ.

ವಾಸ್ತುಶಿಲ್ಪದ ಕೆಲಸದಿಂದ 1934ರಲ್ಲಿ ಅದೇ ನ್ಯೂಯಾರ್ಕ್ ಸಂಗ್ರಹಾಲಯಕ್ಕೆ ಬಂದ ಜೇಮ್ಸ್ ಪೆರಿ ವಿಲ್ಸನ್ ಇದಕ್ಕೆ ಕಂಡುಕೊಂಡ ದಾರಿ ಜೋಡಿ ಗ್ರಿಡ್, ಅಂದರೆ ಎರಡು ಚೌಕಳಿ ಜಾಲ. ಸ್ಥಳದಲ್ಲಿ ತೆಗೆದ ಫೋಟೋಗಳ ಸಾಲಿನ ಮೇಲೆ ಒಂದು ಗ್ರಿಡ್. ನೋಡುಗರ ಕಣ್ಣಿನಿಂದ ಲೆಕ್ಕ ಹಾಕಿ ಗೋಡೆಯ ಮೇಲೆ ಎಳೆದ ಇನ್ನೊಂದು ಗ್ರಿಡ್. ಎರಡನೆಯದರ ಮನೆಗಳು ಒಂದೇ ಅಳತೆಯವಲ್ಲ, ಆದರೆ ಮೊದಲನೆಯದರ ಒಂದೊಂದು ಮನೆಗೂ ಅಲ್ಲಿ ಸರಿಸಾಟಿಯಾದ ಮನೆ ಇರುತ್ತದೆ. ಚಿತ್ರಕಾರ ಮನೆಯಿಂದ ಮನೆಗೆ ಸಾಗಿಸುತ್ತಾ ಹೋದರೆ ತಿದ್ದುಪಡಿ ತಾನಾಗಿಯೇ ಆಗಿರುತ್ತದೆ. ಕೈಚಳಕಕ್ಕೆ ಬಿಟ್ಟುಕೊಡಬಹುದಾಗಿದ್ದ ಕೆಲಸವನ್ನು ರೇಖಾಗಣಿತಕ್ಕೆ ಒಪ್ಪಿಸಿದ್ದು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಅತ್ಯಂತ ಸೊಗಸಾದ ಭಾಗ.

ಲೆಕ್ಕ ಎಷ್ಟೇ ಕರಾರುವಾಕ್ಕಾಗಿರಲಿ, ಚಿತ್ರಿಸಿದ ದೂರದ ಬೆಟ್ಟ ನಿಜವಾಗಿ ಇರುವುದು 3 ಮೀಟರ್ ಆಚೆಗೆ. ನೋಡುವವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅದು ಬೆಟ್ಟದಂತೆ ನಿಶ್ಚಲವಾಗಿರದೆ ಗೋಡೆಯಂತೆ ಜರುಗುತ್ತದೆ. ಮೈಸೂರಿನ ಕಾರಂಜಿ ಕೆರೆಯ ಬಳಿಯಿರುವ, 1995ರಲ್ಲಿ ತೆರೆದ ಪ್ರಾಕೃತಿಕ ಇತಿಹಾಸದ ಸಂಗ್ರಹಾಲಯದಲ್ಲೂ ಡಯೋರಾಮಾಗಳಿವೆ. ಅಲ್ಲಿಗೆ ಹೋಗುವವರು ಅವುಗಳ ಮುಂದೆ ಎಡದಿಂದ ಬಲಕ್ಕೆ ನಡೆಯುತ್ತಾ, ನೆಲ ಮುಗಿದು ಚಿತ್ರ ಮೊದಲಾಗುವ ಗೆರೆಯನ್ನು ಗಮನಿಸಲಿ. ಗುಟ್ಟು ರಟ್ಟಾಗುವುದು ಅಲ್ಲಿಯೇ.

ಕಲೆ

ಕಲಾವಿದರು ಈ ದೌರ್ಬಲ್ಯವನ್ನೇ ಸಾಧನ ಮಾಡಿಕೊಂಡಿದ್ದಾರೆ. ಮಾರ್ಸೆಲ್ ದ್ಯೂಶಾಂ 1946ರಿಂದ 1966ರವರೆಗೆ ಗುಟ್ಟಾಗಿ ಕಟ್ಟಿದ, ಈಗ ಫಿಲಡೆಲ್ಫಿಯಾದಲ್ಲಿರುವ ಕೊನೆಯ ಕೃತಿಯನ್ನು ಹಳೆಯ ಮರದ ಬಾಗಿಲಿನ ಎರಡು ರಂಧ್ರಗಳ ಮೂಲಕವಷ್ಟೇ ನೋಡಬಹುದು. ಕಣ್ಣು ಕದಲುವ ಪ್ರಶ್ನೆಯೇ ಇಲ್ಲ. ಹಿರೋಶಿ ಸುಗಿಮೊಟೊ 1976ರಿಂದ ನ್ಯೂಯಾರ್ಕ್‌ನ ಅದೇ ಸಂಗ್ರಹಾಲಯದ ಡಯೋರಾಮಾಗಳನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದರು. ಕ್ಯಾಮೆರಾ ಒಕ್ಕಣ್ಣಿನದು, ಅಲುಗಾಡದೆ ನಿಲ್ಲುವಂಥದು. ಎರಡು ಕಣ್ಣು ಸೇರಿ ಆಳವನ್ನು ಅಳೆಯುವ ಅನುಕೂಲ ಅದಕ್ಕಿಲ್ಲ. ಆದ್ದರಿಂದ ಅವರ ಫೋಟೋದಲ್ಲಿ ಹಿಮಕರಡಿ ಜೀವಂತವಾಗಿ ಕಾಣುತ್ತದೆ.

ಗೇಮ್ ವಿನ್ಯಾಸ

ಗೇಮ್‌ನಲ್ಲಿ ಕಣ್ಣು ಎಲ್ಲಿದೆ ಎಂಬುದು ಪ್ರೋಗ್ರಾಂಗೆ ಪ್ರತಿ ಕ್ಷಣವೂ ಗೊತ್ತಿರುತ್ತದೆ, ಮ್ಯೂಸಿಯಂಗೆ ಇಲ್ಲದ ಭಾಗ್ಯ ಇದು. ಗೇಮ್ ಕಟ್ಟಲು ಬಳಸುವ ತಂತ್ರಾಂಶವಾದ ವಾಲ್ವ್ ಕಂಪನಿಯ ಸೋರ್ಸ್ ಎಂಜಿನ್‌ನಲ್ಲಿ ದೂರದ ನಗರವನ್ನೋ ಬೆಟ್ಟವನ್ನೋ 16ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಲೆವೆಲ್‌ನ ಬೇರೊಂದು ಮೂಲೆಯಲ್ಲಿ ಪುಟ್ಟ ಮಾದರಿಯಾಗಿ ಕಟ್ಟಿ, ಅದರೊಳಗೆ ಒಂದು ಆಕಾಶ ಕ್ಯಾಮೆರಾ ಇಡುತ್ತಾರೆ. ಆಟಗಾರ 16 ಹೆಜ್ಜೆ ಸರಿದರೆ ಆ ಕ್ಯಾಮೆರಾ ಒಂದೇ ಹೆಜ್ಜೆ ಸರಿಯುತ್ತದೆ. ಹೀಗಾಗಿ ಹಿನ್ನೆಲೆ ನಿಜವಾದ ದೂರದ ವಸ್ತುವಿನಷ್ಟೇ ಜರುಗುತ್ತದೆ. ವಿಲ್ಸನ್‌ಗೆ ಪರಿಹರಿಸಲು ಸಾಧ್ಯವೇ ಇರದಿದ್ದ ಒಂದು ಹೆಜ್ಜೆಯ ತೊಡಕು ಇಲ್ಲಿ ಒಂದು ಭಾಗಾಕಾರದಿಂದ ಬಗೆಹರಿಯುತ್ತದೆ.

2014ರ 'ಕ್ಯಾಪ್ಟನ್ ಟೋಡ್: ಟ್ರೆಷರ್ ಟ್ರ್ಯಾಕರ್' ಇದಕ್ಕೆ ತದ್ವಿರುದ್ಧ. ಪ್ರತಿಯೊಂದು ಲೆವೆಲ್ ಕೂಡ ಸುತ್ತಲೂ ತಿರುಗಿಸಿ ನೋಡಬಹುದಾದ ಕಿರುಮಾದರಿ. ನಾಯಕನಿಗೆ ಜಿಗಿಯಲು ಬರುವುದಿಲ್ಲ, ಆದ್ದರಿಂದ ಕೋನ ಬದಲಿಸಿ ಅಡಗಿದ ದಾರಿಯನ್ನು ಹುಡುಕುವುದೇ ಆಟವಾಗುತ್ತದೆ. ಹಿಂಬದಿಯನ್ನು ಮರೆಮಾಚುವ ಸಂಗ್ರಹಾಲಯದ ಜಾಣ್ಮೆ ಇಲ್ಲಿ ಒಗಟಿನ ಕಚ್ಚಾವಸ್ತು.

ಅದೇ ವರ್ಷದ 'ಮಾನ್ಯುಮೆಂಟ್ ವ್ಯಾಲಿ' ಕಣ್ಣನ್ನು ಅನಂತ ದೂರಕ್ಕೆ ಒಯ್ಯುತ್ತದೆ. ಅದರ ಚಿತ್ರಣದಲ್ಲಿ ನೋಟದ ಕಿರಣಗಳೆಲ್ಲ ಸಮಾನಾಂತರವಾಗಿರುವುದರಿಂದ ಹತ್ತಿರದ ಮೆಟ್ಟಿಲೂ ದೂರದ ಮೆಟ್ಟಿಲೂ ಒಂದೇ ಗಾತ್ರದಲ್ಲಿ ಕಾಣುತ್ತವೆ, ಆಳದ ಸುಳಿವೇ ಅಳಿಸಿಹೋಗುತ್ತದೆ. ಪರದೆಯ ಮೇಲೆ ಎರಡು ಹಾದಿಗಳ ತುದಿ ತಾಗಿದರೆ ಸಾಕು, ನಡುವೆ ಎಷ್ಟೇ ಅಂತರವಿರಲಿ, ಗೇಮ್ ಅವುಗಳನ್ನು ಕೂಡಿದವೆಂದೇ ಒಪ್ಪಿಕೊಂಡು ನಾಯಕಿಯಾದ ರಾಜಕುಮಾರಿಯನ್ನು ದಾಟಿಸುತ್ತದೆ.