ಒಂದೇ ರಾಜೀನಾಮೆ, ನಾಲ್ಕು ಕಥೆ: ಯಾವುದನ್ನು ಬರೆಯಬೇಕು?

ಪ್ರಶ್ನೆ: ದೇಶದ ದೊಡ್ಡ ನಾಯಕರೊಬ್ಬರ ಜೀವನಚರಿತ್ರೆ ಬರೆಯುತ್ತಿದ್ದೇನೆ. ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಲಾಲ್ ಬಹಾದ್ದೂರ್ ಶಾಸ್ತ್ರಿಯವರ ರಾಜೀನಾಮೆಯನ್ನೇ ನೋಡಿ. ರೈಲು ಅಪಘಾತವಾಯಿತು, ರೈಲ್ವೆ ಮಂತ್ರಿ ರಾಜೀನಾಮೆ ಕೊಟ್ಟರು. ಎಲ್ಲರ ಬಾಯಲ್ಲೂ ಇರುವುದು ಇಷ್ಟೇ. ಆದರೆ 1956ರಲ್ಲಿ ಆದದ್ದು ಎರಡು ದೊಡ್ಡ ಅಪಘಾತ. ಮೊದಲನೆಯದು ಮೆಹಬೂಬ್‌ನಗರದ ಹತ್ತಿರ. ಆಗಲೂ ಶಾಸ್ತ್ರಿ ರಾಜೀನಾಮೆಗೆ ಮುಂದಾದರು, ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅರಿಯಲೂರಿನ ಅಪಘಾತವಾದಾಗ ಮತ್ತೆ ಕೊಟ್ಟರು, ಆ ಸಲ ಅಂಗೀಕಾರವಾಯಿತು. ಎಷ್ಟೋ ಬರಹಗಳಲ್ಲಿ ಈ ಎರಡೂ ಕಲಸಿಹೋಗಿವೆ. ಸತ್ತವರ ಸಂಖ್ಯೆಯೂ ಬರಹದಿಂದ ಬರಹಕ್ಕೆ ಬೇರೆ.

ಮುಂದಿನದನ್ನು ಜಾಸ್ತಿ ಜನ ಬರೆಯುವುದೇ ಇಲ್ಲ. 1957ರ ಚುನಾವಣೆ ಮುಗಿದ ಮೇಲೆ ಅವರು ಮತ್ತೆ ಸಂಪುಟ ಸೇರಿದರು. ಇದನ್ನು ಹೇಳಿದರೆ ರಾಜೀನಾಮೆಯ ತೂಕ ಕಡಿಮೆಯಾದೀತು ಎಂಬ ಅಳುಕು ಇರಬಹುದು. ನನಗೇನೂ ಹಾಗೆ ಅನಿಸುವುದಿಲ್ಲ. ಇದನ್ನು ಬಿಟ್ಟರೆ 1961ರಲ್ಲಿ ಅವರು ಗೃಹಮಂತ್ರಿಯಾದದ್ದು ಓದುವವರಿಗೆ ಆಕಾಶದಿಂದ ಉದುರಿದ ಹಾಗೆ ಕಾಣುತ್ತದೆ, ಅಲ್ವಾ? 1963ರಲ್ಲಿ ಇನ್ನೊಂದು ರಾಜೀನಾಮೆ ಇದೆ. ಅದಕ್ಕೂ ರೈಲಿಗೂ ಸಂಬಂಧವಿಲ್ಲ. ಹಿರಿಯರು ಅಧಿಕಾರ ಬಿಟ್ಟು ಪಕ್ಷ ಕಟ್ಟಲಿ ಎಂಬ ಕಾಮರಾಜ್ ಯೋಜನೆಯ ಪ್ರಕಾರ ಕೊಟ್ಟದ್ದು. ಮೊರಾರ್ಜಿ ದೇಸಾಯಿ, ಜಗಜೀವನ್ ರಾಮ್ ಕೂಡ ಆಗಲೇ ಬಿಟ್ಟರು.

ಹಾಗಾಗಿ ಯಾವ ದಿನ ಏನಾಯಿತು ಎಂಬುದಕ್ಕೆ ಆ ಕಾಲದಲ್ಲೇ ಹುಟ್ಟಿದ ದಾಖಲೆಯನ್ನು ಮೊದಲು ಹಿಡಿಯಿರಿ. ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುತ್ತವೆ. ಮರುದಿನದ ಪತ್ರಿಕೆ, ಪತ್ರವ್ಯವಹಾರ ಆಮೇಲೆ. ಮೂವತ್ತು ವರ್ಷ ಕಳೆದು ಬರೆದ ಆತ್ಮಕಥೆಯಲ್ಲಿ ತಾರೀಖು ಹುಡುಕಬೇಡಿ. ಆ ಮನುಷ್ಯ ಹೇಗೆ ಮಾತಾಡುತ್ತಿದ್ದರು, ಯಾರ ಮೇಲೆ ಮುನಿಸಿತ್ತು ಎಂಬುದು ಮಾತ್ರ ಅಲ್ಲೇ ಸಿಗೋದು. ಹತ್ತು ವೆಬ್‌ಸೈಟ್‌ಗಳಲ್ಲಿ ಒಂದೇ ವಾಕ್ಯ ಇದ್ದರೆ ಅದು ಹತ್ತು ಸಾಕ್ಷಿಯಲ್ಲ. ಒಬ್ಬರು ಬರೆದದ್ದನ್ನು ಒಂಬತ್ತು ಜನ ನಕಲು ಮಾಡಿದ್ದಾರೆ, ಅಷ್ಟೇ.

ದಾಖಲೆಯಿಂದ ತೀರ್ಮಾನವಾಗದ ವಿಷಯಗಳೂ ಇರುತ್ತವೆ. 1966ರ ಜನವರಿ 10ರಂದು, ಆಗ ಪ್ರಧಾನಿಯಾಗಿದ್ದ ಶಾಸ್ತ್ರಿ ಪಾಕಿಸ್ತಾನದ ಜೊತೆಗಿನ ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿದರು. 11ರ ನಸುಕಿಗೆ ಮುಂಚೆಯೇ ತೀರಿಕೊಂಡರು. ಹೃದಯಾಘಾತ ಎಂದದ್ದು ವೈದ್ಯರು. ವಿಷಪ್ರಾಶನದ ಅನುಮಾನ ವ್ಯಕ್ತಪಡಿಸಿದ್ದು ಕುಟುಂಬದವರು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಈ ಮೂರನ್ನೂ ಯಾರದು ಯಾವ ಮಾತು ಎಂದು ಹೇಳಿ ಬರೆಯಿರಿ. ‘ನಿಗೂಢ ಸಾವು’ ಎಂಬ ತಲೆಬರಹ ಸುಮ್ನೆ ಕೊಟ್ಟರೆ ನೀವೇ ಒಂದು ಪಕ್ಷ ಸೇರಿದ ಹಾಗೆ.

ನಿಮ್ಮ ನಾಯಕರು ಈಗಲೂ ಚುನಾವಣೆಗೆ ನಿಲ್ಲುವವರಾದರೆ ನಾಮಪತ್ರದ ಜೊತೆಗಿನ ಪ್ರಮಾಣಪತ್ರ ತೆಗೆಯಿರಿ. ಆಸ್ತಿ, ಓದು, ಕ್ರಿಮಿನಲ್ ಪ್ರಕರಣ ಎಲ್ಲ ಅದರಲ್ಲಿರುತ್ತದೆ. ಆದರೆ ಅದು ಅವರೇ ಕೊಟ್ಟ ಲೆಕ್ಕ, ‘ಘೋಷಿಸಿಕೊಂಡಿದ್ದಾರೆ’ ಎಂದೇ ಬರೆಯಿರಿ. ಕೇಸುಗಳ ವಿಷಯದಲ್ಲಂತೂ ಇನ್ನೂ ಜೋಪಾನ. ಎಫ್‌ಐಆರ್ ಬೇರೆ, ಆರೋಪಪಟ್ಟಿ ಬೇರೆ, ಶಿಕ್ಷೆ ಬೇರೆ. ಶಿಕ್ಷೆಯಾಗಿದ್ದರೂ ಮೇಲಿನ ಕೋರ್ಟು ತಡೆ ಕೊಟ್ಟಿರಬಹುದು. ಅಚ್ಚಿಗೆ ಹೋಗುವ ವಾರ ಇನ್ನೊಮ್ಮೆ ನೋಡಿಬಿಡಿ.