ಸರ್ಪಸುತ್ತು: ಹಕ್ಕಳೆ ಕಟ್ಟುವ ತನಕದ ಲೆಕ್ಕ

ಚಿಕನ್‌ಪಾಕ್ಸ್ ವಾಸಿಯಾದ ಮೇಲೂ ವೇರಿಸೆಲ್ಲಾ ಜೋಸ್ಟರ್ ವೈರಸ್ ನರದ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಮತ್ತೆ ಎದ್ದು, ಆ ನರದ ಗುಂಟ ಚರ್ಮಕ್ಕೆ ಬರುತ್ತದೆ. ಮೊದಲು ಉರಿ, ಚುಚ್ಚುವ ನೋವು. ಒಂದೆರಡು ದಿನ ಬಿಟ್ಟು ಮೈಯ ಒಂದೇ ಬದಿಯಲ್ಲಿ ಕೆಂಪು ಪಟ್ಟಿ, ಅದರ ಮೇಲೆ ನೀರ್ಗುಳ್ಳೆ. ಇದೇ ಸರ್ಪಸುತ್ತು. ಇಷ್ಟು ಎಲ್ಲರೂ ಬರೆಯುತ್ತಾರೆ. ಎಡವುವುದು ಮುಂದಿನ ಪ್ರಶ್ನೆಯಲ್ಲಿ.

ಎಷ್ಟು ದಿನ ಅಂಟುತ್ತದೆ?

"ಏಳು ದಿನ" ಎಂಬುದು ಅರ್ಧ ಉತ್ತರ. ಗುಳ್ಳೆ ಎದ್ದಲ್ಲಿಂದ ಹಕ್ಕಳೆ ಕಟ್ಟಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು, ನಿಜ. ಆದರೆ ಗುಳ್ಳೆಗಳೆಲ್ಲ ಒಂದೇ ದಿನ ಏಳುವುದಿಲ್ಲ. 3ರಿಂದ 5 ದಿನ ಹೊಸ ಕಂತುಗಳು ಬರುತ್ತಲೇ ಇರುತ್ತವೆ. ಹಾಗಾಗಿ ನೋಡಬೇಕಾದದ್ದು ಕ್ಯಾಲೆಂಡರ್ ಅಲ್ಲ, ಕಡೆಯ ಗುಳ್ಳೆ.

ಉದಾಹರಣೆಗೆ, ಬೆನ್ನಿನಲ್ಲಿ ಸೋಮವಾರ ಗುಳ್ಳೆ ಎದ್ದಿತು, ಗುರುವಾರ ಅದೇ ಪಟ್ಟಿಯಲ್ಲಿ ಕಂಕುಳ ಹತ್ತಿರ ಇನ್ನೊಂದು ಗೊಂಚಲು. ಮುಂದಿನ ಬುಧವಾರ ಬೆನ್ನು ಪೂರ್ತಿ ಒಣಗಿದೆ, ಕಂಕುಳಲ್ಲಿ ನಾಲ್ಕು ಗುಳ್ಳೆ ಇನ್ನೂ ಹಸಿ. ಅಂಟುತ್ತದೆಯೇ? ಅಂಟುತ್ತದೆ. ಬೆನ್ನು ಮಾತ್ರ ನೋಡಿ "ನಾಳೆಯಿಂದ ಅಡಿಕೆ ಸುಲಿಯೋಕೆ ಹೋಗಿ" ಎಂದರೆ ಅಲ್ಲೇ ತಪ್ಪು. ಮೊದಲು ಕೇಳಬೇಕಾದ ಮಾತು, "ಹೊಸ ಗುಳ್ಳೆ ಕಡೇಗೆ ಎದ್ದಿದ್ದು ಯಾವತ್ತು ಅಜ್ಜಿ?"

ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನಷ್ಟು ಎಳೆಯಬಹುದು. ಕಂಕುಳು, ಮೊಲೆಯ ಕೆಳಗೆ, ತೊಡೆಸಂದು ಬೆವರಿನಿಂದ ಹಸಿಯಾಗಿಯೇ ಇರುತ್ತವೆ. ಮೈಮೇಲಿನ ಬಟ್ಟೆಯೂ ಪೂರ್ತಿ ಒಣಗಿರುವುದಿಲ್ಲ. ಹಕ್ಕಳೆ ಮೆತ್ತಗಾಗಿ ರವಿಕೆಗೆ ಅಂಟಿ ಕಿತ್ತು ಬಂದರೆ ಕೆಳಗೆ ಮತ್ತೆ ಹಸಿಗಾಯ. ಅಂಟಿಕೊಳ್ಳದ ಗಾಜ್ (ಗಾಯಕ್ಕೆ ಇಡುವ ತೆಳು ಪಟ್ಟಿಬಟ್ಟೆ) ಇಟ್ಟು, ಸಡಿಲವಾದ ಒಣ ಹತ್ತಿಬಟ್ಟೆ ಹಾಕಿಸಿ. ಬೆಳಿಗ್ಗೆ ತೆಗೆದ ಗಾಜ್‌ನಲ್ಲಿ ಒದ್ದೆ ಕಲೆ ಇದ್ದರೆ ಇನ್ನೂ ಕಾಯಬೇಕು. ಕಲೆ ಇಲ್ಲವೆಂದು ಬಿಟ್ಟುಬಿಡಬೇಡಿ: ಒಡೆಯದ ಗುಳ್ಳೆ ಕಲೆ ಮಾಡುವುದಿಲ್ಲ, ಬೆಳಕಿನಲ್ಲಿ ಕಣ್ಣಾರೆ ನೋಡಬೇಕು.

ಇನ್ನೊಂದು ಗೊಂದಲ: ಹಕ್ಕಳೆ ಉದುರುವ ತನಕ ಕಾಯಬೇಕಿಲ್ಲ, ಎಲ್ಲವೂ ಒಣಗಿ ಹಕ್ಕಳೆ ಕಟ್ಟಿದರೆ ಸಾಕು. ಉದುರಿ ಚರ್ಮ ಮಾಗಲು ಒಟ್ಟು 2ರಿಂದ 4 ವಾರ ಹಿಡಿಯುತ್ತದೆ. ಗುಳ್ಳೆ ಏಳುವ ಮುಂಚಿನ ಉರಿಯ ದಿನಗಳಲ್ಲೂ, ಹಕ್ಕಳೆಯ ನಂತರ ಉಳಿಯುವ ನೋವಿನಲ್ಲೂ ಅಂಟು ಇಲ್ಲ.

ಅಂಟುವುದು ಏನು?

ಸರ್ಪಸುತ್ತಲ್ಲ, ವೈರಸ್. ಚಿಕನ್‌ಪಾಕ್ಸ್ ಬಾರದ, ಅದರ ಲಸಿಕೆಯೂ ಆಗದವರಿಗೆ ಗುಳ್ಳೆಯ ನೀರು ತಗುಲಿದರೆ ಚಿಕನ್‌ಪಾಕ್ಸ್ ಬರಬಹುದು, ಅದೂ 10ರಿಂದ 21 ದಿನದೊಳಗೆ. ಗುಳ್ಳೆ ಮುಚ್ಚಿಡಿ, ಟವೆಲ್ ಬೇರೆ ಮಾಡಿ, ಕೈ ತೊಳೆಯಿರಿ. ಬಸುರಿ, ಎಳೆಗೂಸು, ಕೀಮೋಥೆರಪಿಯಲ್ಲಿರುವವರು ದೂರ ಇರಲಿ. ಬಸುರಿಗೆ ತಗುಲಿರಬಹುದು ಎನಿಸಿದರೆ ಗುಳ್ಳೆ ಏಳಲೆಂದು ಕಾಯದೆ ವೈದ್ಯರಿಗೆ ತಿಳಿಸಬೇಕು. ಗುಳ್ಳೆ ಮೈತುಂಬ ಹರಡಿದ್ದರೆ ಗಾಳಿಯಲ್ಲೂ ಹರಡಬಹುದು. ಆಗ ಮುಚ್ಚಿಡುವುದಷ್ಟೇ ಸಾಲದು.

ಔಷಧಿ

ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ದೊಡ್ಡವರಿಗೆ ಸಾಮಾನ್ಯ ಡೋಸ್ ಅಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ 5 ಸಲ, ಇಲ್ಲವೇ ವ್ಯಾಲಾಸೈಕ್ಲೋವಿರ್ 1 ಗ್ರಾಂ ದಿನಕ್ಕೆ 3 ಸಲ, 7 ದಿನ. ಕಿಡ್ನಿ ತೊಂದರೆ ಇದ್ದರೆ ವೈದ್ಯರು ಡೋಸ್ ಇಳಿಸುತ್ತಾರೆ. ಮಾತ್ರೆ ಶುರುವಾಯಿತೆಂದು ಅಂಟು ನಿಲ್ಲುವುದಿಲ್ಲ, ಹಕ್ಕಳೆಯ ಲೆಕ್ಕ ಹಾಗೇ ಇರುತ್ತದೆ.

ಕೆಮ್ಮಣ್ಣು, ಸೊಪ್ಪಿನ ರಸ ಹಚ್ಚಿಕೊಂಡು ಬರುವವರಲ್ಲಿ ಎರಡು ತೊಂದರೆ: ಆ 72 ಗಂಟೆ ಕಳೆದಿರುತ್ತದೆ, ಲೇಪದಡಿ ಗಾಯಕ್ಕೆ ಕೀವು ಹಿಡಿದರೂ ಕಾಣುವುದಿಲ್ಲ. ಗದರಿಸಿದರೆ ಮುಂದಿನ ಸಲ ಬರುವುದೇ ಇಲ್ಲ. ಗುಳ್ಳೆಯ ಪಟ್ಟಿ ಹಾವಿನಂತೆ ಮೈ ಸುತ್ತಿ ತಲೆ ಬಾಲ ಕೂಡಿದರೆ ಸಾವು ಎಂಬ ಭಯಕ್ಕೆ ಉತ್ತರ ಸುಲಭ. ಒಂದು ನರದ ಪಾಲು ಮೈಯ ನಡುಗೆರೆಯಲ್ಲಿ ಮುಗಿಯುವುದರಿಂದ ಪಟ್ಟಿ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ.

ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯ. ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಯವರಾದರೂ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಕಳಿಸಿ. ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೂ ಅಷ್ಟೇ ತುರ್ತು. ಗಾಯ ಮಾಗಿ ಮೂರು ತಿಂಗಳು ಕಳೆದರೂ ಸೆರಗು ಸೋಕಿದರೆ ಉರಿಯುತ್ತದೆ ಎಂದರೆ ಅದು ನರದ ನೋವು. ಅದಕ್ಕೆ ವೈರಸ್ ಮಾತ್ರೆ ಮತ್ತೆ ಕೊಡುವುದಲ್ಲ, ಗ್ಯಾಬಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್‌ನಂಥ ಬೇರೆ ಔಷಧಿ ಬೇಕು.