ಬ್ರೇಕ್ ಒತ್ತುವ ಮೊದಲೇ ಓಡುವ ದೂರ

ಅಕ್ಟೋಬರ್ ಮುಗಿಯುತ್ತಿದ್ದಂತೆ ಚಿಕ್ಕಬಳ್ಳಾಪುರದ ಕಡೆ ಬೆಳಗಿನ ಮಂಜು ಶುರುವಾಗುತ್ತದೆ. ಹಿಂಗಾರು ಮಳೆಗೆ ನೆಲ ನೆನೆದಿರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಆ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿಕೊಂಡ ತೇವದ ಗಾಳಿಯೂ ತಣ್ಣಗಾಗುತ್ತದೆ. ಗಾಳಿಯಲ್ಲಿದ್ದ ಆವಿ ಸಣ್ಣ ಸಣ್ಣ ಹನಿಯಾಗಿ ಅಲ್ಲೇ ತೇಲುತ್ತದೆ. ಕೆರೆಯ ಅಂಚು, ಬೆಟ್ಟಗಳ ನಡುವಿನ ತಗ್ಗು, ಇಂಥ ಕಡೆ ಜಾಸ್ತಿ. ನಂದಿ ಬೆಟ್ಟದ ಮೇಲೆ ನಿಂತವರಿಗೆ ಅದು ಒಳ್ಳೆಯ ಫೋಟೊ. ಕೆಳಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಗಾಡಿ ಓಡಿಸುವವರಿಗೆ ಹಾಗಲ್ಲ.

2023ರ ಅಕ್ಟೋಬರ್ 26ರ ಬೆಳಿಗ್ಗೆ ಇದೇ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಒಂದು ಹಿಂದಿನಿಂದ ಗುದ್ದಿ 13 ಜನ ತೀರಿಕೊಂಡರು. ದಟ್ಟ ಮಂಜಿತ್ತು. ಆ ಗಾಡಿಯ ತಪ್ಪು ಒಪ್ಪು ಇಲ್ಲಿ ಬೇಡ. ಕೇಳಬೇಕಾದ ಪ್ರಶ್ನೆ ಇದು: 50 ಮೀಟರ್ ಮಾತ್ರ ಕಾಣುವ ರಸ್ತೆಯಲ್ಲಿ, ಎದುರಿಗೆ ಏನೋ ನಿಂತಿದೆ ಅಂತ ಗೊತ್ತಾದ ಮೇಲೆ, ಎಷ್ಟು ವೇಗದಲ್ಲಿ ಇದ್ದವರು ಗಾಡಿ ನಿಲ್ಲಿಸಬಲ್ಲರು?

ಇದು ಹೈಸ್ಕೂಲಿನ ಲೆಕ್ಕ. ಎದುರಿನ ಆಕಾರ ಕಣ್ಣಿಗೆ ಬೀಳಬೇಕು, ಅದು ಚಲಿಸುತ್ತಿಲ್ಲ ಅಂತ ತಲೆಗೆ ಹೊಳೆಯಬೇಕು, ಆಮೇಲೆ ಕಾಲು ಬ್ರೇಕಿಗೆ ಹೋಗಬೇಕು. ಇಷ್ಟಕ್ಕೆ ಸುಮಾರು ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟೂ ಹೊತ್ತು ಗಾಡಿ ಪೂರ್ತಿ ವೇಗದಲ್ಲೇ ಓಡುತ್ತಿರುತ್ತದೆ. ಬ್ರೇಕ್ ಹಿಡಿದ ಮೇಲೆ, ಟೈರು ಚೆನ್ನಾಗಿದ್ದು ಡಾಂಬರು ಒಣಗಿದ್ದರೆ, ಒಂದೊಂದು ಸೆಕೆಂಡಿಗೆ ಗಂಟೆಗೆ 25 ಕಿ.ಮೀ.ನಷ್ಟು ವೇಗ ಇಳಿಯುತ್ತದೆ.

60ರಲ್ಲಿ ಬರುತ್ತಿದ್ದ ಕಾರು ಬ್ರೇಕಿಗೆ ಮೊದಲು 25 ಮೀಟರ್ ಓಡುತ್ತದೆ, ಬ್ರೇಕ್ ಹಿಡಿದು ಇನ್ನು 20 ಮೀಟರ್. ಒಟ್ಟು 45. ಟ್ಯಾಂಕರ್‌ಗೆ 5 ಮೀಟರ್ ಇರುವಾಗ ನಿಂತಿತು. 80ರಲ್ಲಿದ್ದ ಕಾರಿಗೆ ಬ್ರೇಕ್ ಹಿಡಿಯುವ ಹೊತ್ತಿಗೇ 33 ಮೀಟರ್ ಖರ್ಚಾಗಿರುತ್ತದೆ. ಉಳಿದ 17 ಮೀಟರ್ ಸಾಲದು. ಅದು ಟ್ಯಾಂಕರ್‌ಗೆ ಗುದ್ದುವಾಗ ವೇಗ ಗಂಟೆಗೆ 58 ಕಿ.ಮೀ. ಇನ್ನು 100ರಲ್ಲಿ ಬಂದ ಕಾರಿಗೆ ಬ್ರೇಕ್ ಹಾಕಲು ಸಿಗುವುದು ಬರೀ 8 ಮೀಟರ್. ಗುದ್ದುವ ವೇಗ 92. ಬ್ರೇಕ್ ಇದ್ದೂ ಇಲ್ಲದ ಹಾಗೆ.

60ಕ್ಕೂ 80ಕ್ಕೂ ವ್ಯತ್ಯಾಸ ಇಪ್ಪತ್ತೇ ಅಲ್ವಾ? ಆದರೂ ಒಂದು ಕಾರು ನಿಂತಿತು, ಇನ್ನೊಂದು 58ರಲ್ಲಿ ಗುದ್ದಿತು. ಬ್ರೇಕ್ ಪ್ರತಿ ಮೀಟರಿಗೂ ಒಂದೇ ಅಳತೆಯಲ್ಲಿ ಕಿತ್ತುಕೊಳ್ಳುವುದು ಗಾಡಿಯ ಶಕ್ತಿಯನ್ನು, ವೇಗವನ್ನಲ್ಲ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹಾಗಾಗಿ ಮೊದಲ ಮೀಟರುಗಳಲ್ಲಿ ವೇಗ ನಿಧಾನವಾಗಿ ಇಳಿಯುತ್ತದೆ, ಕೊನೆಯ ಕೆಲವೇ ಮೀಟರುಗಳಲ್ಲಿ ದಬಕ್ಕನೆ ಇಳಿಯುತ್ತದೆ. ಜಾಸ್ತಿ ವೇಗದಲ್ಲಿ ಹೋಗುವವರಿಗೆ ಸಿಗದೇ ಹೋಗುವುದು ಆ ಕೊನೆಯ ಮೀಟರುಗಳೇ. ಮಂಜಿಗೆ ರಸ್ತೆ ಒದ್ದೆಯಾಗಿದ್ದರೆ, ಅಥವಾ ಓಡುತ್ತಿರುವುದು ಹೊರೆ ತುಂಬಿದ ಲಾರಿಯಾದರೆ, ಈ ಲೆಕ್ಕ ಇನ್ನೂ ಕೆಡುತ್ತದೆ.

ಕೇಂದ್ರ ಸರ್ಕಾರದ 2018ರ ಅಧಿಸೂಚನೆ ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100ರವರೆಗೆ ಬಿಡುತ್ತದೆ. ಅದು ಗರಿಷ್ಠ ಮಿತಿ. ಬೋರ್ಡಿನಲ್ಲಿ 100 ಅಂತ ಕಂಡರೆ ನಾವು ಅದನ್ನು ಹೋಗಲೇಬೇಕಾದ ವೇಗ ಅಂದುಕೊಳ್ಳುತ್ತೇವೆ, ಅದು ಬೇರೆ ಮಾತು.

ಮಂಜು ಬಿದ್ದರೆ ಡ್ರೈವರ್‌ಗಳು ತಾವಾಗಿಯೇ ನಿಧಾನಿಸುವುದಿಲ್ಲವೇ? ಇದು ವಿಜ್ಞಾನಿಗಳ ನಡುವೆಯೇ ಜಗಳ ಹತ್ತಿಸಿದ ಪ್ರಶ್ನೆ. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ, ಗಾಡಿ ಓಡಿಸಿದ ಅನುಭವ ಕೊಡುವ ಸಿಮ್ಯುಲೇಟರ್ ಯಂತ್ರದ ಪರದೆಯ ದೃಶ್ಯವನ್ನು ಮಂಕು ಮಾಡಿದಾಗ ಜನಕ್ಕೆ ತಾವು ನಿಧಾನವಾಗಿ ಹೋಗುತ್ತಿದ್ದೇವೆ ಅನ್ನಿಸಿತು, ಅವರು ವೇಗ ಹೆಚ್ಚಿಸಿದರು. 2012ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು ಇದಕ್ಕೆ ತಕರಾರು ತೆಗೆದರು. ನಿಜವಾದ ಮಂಜು ಎಲ್ಲವನ್ನೂ ಒಂದೇ ಸಮ ಮಂಕು ಮಾಡುವುದಿಲ್ಲ, ದೂರದ್ದನ್ನು ಮುಚ್ಚಿ ಹತ್ತಿರದ್ದನ್ನು ಬಿಡುತ್ತದೆ. ಹತ್ತಿರದ ರಸ್ತೆ ಕಣ್ಣೆದುರು ಸರ್ರನೆ ಹರಿಯುವುದರಿಂದ ವೇಗ ಇರುವುದಕ್ಕಿಂತ ಜಾಸ್ತಿ ಅನ್ನಿಸುತ್ತದೆ, ಜನ ನಿಧಾನಿಸುತ್ತಾರೆ ಎಂದರು. ನನಗೆ ಎರಡನೆಯವರ ವಾದ ಸರಿ ಅನ್ನಿಸುತ್ತದೆ. ಆದರೆ ನಿಧಾನಿಸುವುದು ಬೇರೆ, ಕಾಣುವಷ್ಟು ದೂರದೊಳಗೆ ನಿಲ್ಲುವಷ್ಟು ನಿಧಾನಿಸುವುದು ಬೇರೆ. 100ರಿಂದ 80ಕ್ಕೆ ಇಳಿದವರು ‘ಸಾಕಷ್ಟು ಹುಷಾರಾಗಿದ್ದೇನೆ’ ಅಂತಲೇ ನಂಬಿರುತ್ತಾರೆ. ಮುಂದಿನ ಲಾರಿಯ ಕೆಂಪು ದೀಪ ನೋಡಿಕೊಂಡು ಹಿಂದೆಯೇ ಹೋಗುವ ಅಭ್ಯಾಸ ಬೇರೆ ಇದೆ. ಕೆಟ್ಟು ನಿಂತ ಲಾರಿಗೆ ದೀಪವೇ ಉರಿಯುತ್ತಿರದಿದ್ದರೆ?

ಮಂಜಿಲ್ಲದಿದ್ದರೂ ಕಣ್ಣಿಗೆ ಮರೆ ಇದ್ದೇ ಇರುತ್ತದೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ನಿಂತ ಬಸ್ಸಿನ ಹಿಂದಿನಿಂದ ಒಬ್ಬರು ರಸ್ತೆಗೆ ಕಾಲಿಟ್ಟರೆ, ಅವರು ಕಾಣುವುದು ಕಾಲಿಟ್ಟ ಮೇಲೆಯೇ. 40ರಲ್ಲಿರುವ ಗಾಡಿ ಒಟ್ಟು 26 ಮೀಟರಿನೊಳಗೆ ನಿಲ್ಲುತ್ತದೆ. 60ರಲ್ಲಿರುವವರಿಗೆ ಅಷ್ಟೇ ದೂರದಲ್ಲಿ ಕಾಲು ಆಗ ತಾನೇ ಬ್ರೇಕಿಗೆ ತಾಗಿರುತ್ತದೆ. ಅಂದರೆ ಒಬ್ಬರು ನಿಂತ ಜಾಗದಲ್ಲಿ ಇನ್ನೊಬ್ಬರು ಹೆಚ್ಚುಕಮ್ಮಿ ಪೂರ್ತಿ 60ರಲ್ಲೇ ಗುದ್ದುತ್ತಾರೆ. 60ರ ಗುದ್ದು ಅಂದರೆ ನಾಲ್ಕು ಮಹಡಿಯ ಮೇಲಿಂದ, ಸುಮಾರು 14 ಮೀಟರ್ ಎತ್ತರದಿಂದ, ಬಿದ್ದಷ್ಟು. 30ರದ್ದು ಮೂರೂವರೆ ಮೀಟರ್, ಒಂದಂತಸ್ತಿನ ಮನೆಯ ತಾರಸಿಯಿಂದ ಬಿದ್ದಷ್ಟು. ಅಮೆರಿಕದ ಅಪಘಾತಗಳ ಮಾಹಿತಿ ಆಧರಿಸಿದ 2011ರ ಒಂದು ವಿಶ್ಲೇಷಣೆಯ ಪ್ರಕಾರ, ಕಾರು ಗುದ್ದಿದ ಪಾದಚಾರಿ ಸಾಯುವ ಸಾಧ್ಯತೆ 37 ಕಿ.ಮೀ. ವೇಗದಲ್ಲಿ ಶೇ. 10, 51ರಲ್ಲಿ ಶೇ. 25, 68ರಲ್ಲಿ ಶೇ. 50. ವಯಸ್ಸಾದವರಿಗೆ ಇದಕ್ಕಿಂತ ಜಾಸ್ತಿ. ಜನ ಮತ್ತು ಗಾಡಿ ಒಟ್ಟಿಗೆ ಓಡಾಡುವ ಬೀದಿಗೆ 30 ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ನಮ್ಮ ಅಧಿಸೂಚನೆ ಪಟ್ಟಣದೊಳಗಿನ ರಸ್ತೆಯಲ್ಲೂ ಕಾರಿಗೆ 70ರವರೆಗೆ ಬಿಡುತ್ತದೆ. ಇದು ಜಾಸ್ತಿಯಾಯಿತು, ಅನುಮಾನವೇ ಇಲ್ಲ.

‘ಬೋರ್ಡ್ ಬದಲಿಸಿದರೆ ಯಾರು ಕೇಳ್ತಾರೆ’ ಅನ್ನುವವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡದ್ದೇನೆಂದರೆ, ಬೋರ್ಡಿನಲ್ಲಿ 10 ಕಿ.ಮೀ. ಇಳಿಸಿದರೆ ರಸ್ತೆಯಲ್ಲಿ ನಿಜವಾದ ಸರಾಸರಿ ವೇಗ ಎರಡು ಮೂರು ಕಿ.ಮೀ. ಮಾತ್ರ ಇಳಿಯುತ್ತದೆ. ಉಳಿದರ್ಧ ಸ್ವೀಡನ್ನಿನ ರಸ್ತೆ ಸುರಕ್ಷತೆಯ ಸಂಶೋಧಕ ಯೋರಾನ್ ನಿಲ್ಸನ್ ಅವರ ಲೆಕ್ಕದಲ್ಲಿದೆ. ಸಾವಿನ ಅಪಘಾತಗಳು ಸರಾಸರಿ ವೇಗದ ನಾಲ್ಕನೇ ಘಾತಕ್ಕೆ (ವೇಗ × ವೇಗ × ವೇಗ × ವೇಗ) ತಕ್ಕಂತೆ ಏರಿಳಿಯುತ್ತವೆ ಎಂದು ಅವರು ತೋರಿಸಿದರು. ಸರಾಸರಿ ವೇಗ 50ರಿಂದ 47.5ಕ್ಕೆ ಇಳಿಯಿತು ಅನ್ನಿ. ಶೇ. 5 ಇಳಿಕೆ, ಗಾಡಿಯಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ಸಾವಿನ ಅಪಘಾತ ಮಾತ್ರ ಹೆಚ್ಚುಕಮ್ಮಿ ಐದನೇ ಒಂದು ಪಾಲು ಕಡಿಮೆ.

ಬೋರ್ಡಿನ ಜೊತೆಗೆ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ಊರೊಳಗೆ ಹಂಪ್ಸ್ ಆದೀತು, ಆದರೆ ಅಳತೆಯದು: ರಸ್ತೆಗಳ ಮಾನದಂಡ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25ರಲ್ಲಿ ಆರಾಮಾಗಿ ಹತ್ತಿ ಇಳಿಯುವಂಥದ್ದು. ರಾತ್ರೋರಾತ್ರಿ ಎದ್ದು ನಿಲ್ಲುವ, ಬಿಳಿ ಪಟ್ಟೆಯೂ ಇಲ್ಲದ ಚೂಪು ದಿಬ್ಬ ಬೈಕಿನವರ ಸೊಂಟ ಮುರಿಯುವುದಕ್ಕೇ ಸರಿ.

ಹೆದ್ದಾರಿಯ ಮಂಜಿಗೆ ಹಂಪ್ಸ್ ಆಗಿಬರುವುದಿಲ್ಲ. ಅಲ್ಲಿ ಮಿತಿಯೇ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಕಾರಿನ ಮಿತಿಯನ್ನು 100ರಿಂದ 80 ಅಥವಾ 75ಕ್ಕೆ ಇಳಿಸುವುದು ರೂಢಿಯಾಗಿದೆ. ನನ್ನ ಪ್ರಕಾರ ಅದೂ ಸಾಲದು, 50 ಮೀಟರ್ ಕಾಣುವಾಗ ಏನಾಗುತ್ತದೆ ಅಂತ ಮೇಲೆ ನೋಡಿದೆವಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ, ಯಾವುದೇ ರಸ್ತೆಗೆ ಕಡಿಮೆ ಮಿತಿ ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಚಿಕ್ಕಬಳ್ಳಾಪುರದ ಸುತ್ತಿನ 10 ಕಿ.ಮೀ. ರಸ್ತೆಗೆ, ಅಕ್ಟೋಬರ್‌ನಿಂದ ಜನವರಿಯವರೆಗೆ, ಬೆಳಿಗ್ಗೆ 9ರ ತನಕ 60ರ ಮಿತಿ ಅಂತ ಇಟ್ಟುಕೊಳ್ಳಿ. 100ರಲ್ಲಿ 6 ನಿಮಿಷದ ದಾರಿ 10 ನಿಮಿಷ ಆಗುತ್ತದೆ. ಆಂಧ್ರದ ಕಡೆಯಿಂದ ಬರುವವರಿಗೆ ಬಾಗೇಪಲ್ಲಿ ಟೋಲಿನಲ್ಲೇ ಅದನ್ನು ದೊಡ್ಡದಾಗಿ ಬರೆದು ಹಾಕಬಹುದು.